ಕುಮುದಿನಿ ಲಾಖಿಯಾ: ಘರಾಣೆಯಿಲ್ಲದ ಊರಿನಲ್ಲಿ ಬೆಳೆದ ಕಥಕ್

2025ರ ಜನವರಿಯಲ್ಲಿ ಪ್ರಕಟವಾದ ಪದ್ಮ ಪ್ರಶಸ್ತಿಗಳ ಪಟ್ಟಿಯಲ್ಲಿ ಪದ್ಮವಿಭೂಷಣಕ್ಕೆ ಆಯ್ಕೆಯಾದವರು ಏಳು ಮಂದಿ. ಅವರಲ್ಲಿ ಕರ್ನಾಟಕದ ಹೆಸರಿನಲ್ಲಿ ಪಿಟೀಲು ವಿದ್ವಾಂಸ ಎಲ್. ಸುಬ್ರಹ್ಮಣ್ಯಂ ಇದ್ದರು, ಗುಜರಾತಿನ ಹೆಸರಿನಲ್ಲಿ ಅಹಮದಾಬಾದಿನ ಕಥಕ್ ಕಲಾವಿದೆ ಕುಮುದಿನಿ ಲಾಖಿಯಾ ಇದ್ದರು. ಈ ಊರಿನ ಕನ್ನಡಿಗರಾದ ನಾವು ಮೊದಲನೆಯ ಹೆಸರನ್ನು ಓದಿ ಸಂತೋಷಪಟ್ಟೆವು. ನಾವು ದಿನನಿತ್ಯ ಓಡಾಡುವ ಊರಿನಲ್ಲಿಯೇ ಆರು ದಶಕ ಬಾಳಿ ಕೆಲಸ ಮಾಡಿದ ಎರಡನೆಯ ಹೆಸರಿನ ಮೇಲೆ ನಮ್ಮ ದೃಷ್ಟಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಪ್ರಶಸ್ತಿ ಪ್ರಕಟವಾಗಿ ಮೂರು ತಿಂಗಳು ತುಂಬುವ ಮುನ್ನವೇ, ಏಪ್ರಿಲ್ 12ರಂದು, ಲಾಖಿಯಾ ತೀರಿಕೊಂಡರು. ಅವರ 95ನೆಯ ಹುಟ್ಟುಹಬ್ಬಕ್ಕೆ ಸರಿಯಾಗಿ ಐದು ವಾರ ಉಳಿದಿತ್ತು.

ಪತ್ರಿಕೆಗಳು ಶ್ರದ್ಧಾಂಜಲಿ ಬರೆದವು, ಶಿಷ್ಯರು ಕಣ್ಣೀರಿಟ್ಟರು. ಅಷ್ಟಕ್ಕೇ ಮುಗಿಸಬಹುದಾಗಿತ್ತು. ಆದರೆ ಅವರ ಬದುಕು ಎತ್ತಿದ ಒಂದು ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಅದು ನಮ್ಮಂತಹ ಸಂಘಸಂಸ್ಥೆಗಳ ವೇದಿಕೆಗೂ ನೇರವಾಗಿ ಸಂಬಂಧಿಸಿದ್ದು. ಕುಣಿಯುವವರನ್ನು ನಾವು ಕಲಾವಿದರೆಂದು ಗುರುತಿಸುತ್ತೇವೆ. ಆ ಕುಣಿತವನ್ನು ಯೋಚಿಸಿ, ಕಟ್ಟಿ, ಹತ್ತು ದೇಹಗಳಿಗೆ ಕಲಿಸಿ, ತಾವು ಪರದೆಯ ಹಿಂದೆ ನಿಲ್ಲುವವರನ್ನು ಏನೆಂದು ಗುರುತಿಸುತ್ತೇವೆ? ಆ ಕೆಲಸಕ್ಕೆ ನಮ್ಮ ಲೆಕ್ಕಪುಸ್ತಕದಲ್ಲಿ ಯಾವ ಕಾಲಮು ಇದೆ?

ಬೆಂಗಳೂರಿನ ಎಳೆ

ಕುಮುದಿನಿ ಹುಟ್ಟಿದ್ದು 1930ರ ಮೇ 17ರಂದು, ಮುಂಬಯಿಯಲ್ಲಿ. ಏಳರ ಪ್ರಾಯದಲ್ಲಿ ಕಥಕ್ ಆರಂಭಿಸಿದ ಅವರು ಮುಂದೆ ಅಲಹಾಬಾದಿನ ಬಳಿಯ ನೈನಿಯಲ್ಲಿ ಕೃಷಿ ವಿಜ್ಞಾನವನ್ನೂ ಓದಿದರು. ಆದರೆ ಅವರನ್ನು ವೃತ್ತಿಪರ ರಂಗಕ್ಕೆ ತಂದು ಹೊರದೇಶಗಳಿಗೆ ಕರೆದೊಯ್ದವರು ನಮ್ಮ ಬೆಂಗಳೂರಿನವರು ಎಂಬ ಸಂಗತಿ ನಮ್ಮಲ್ಲಿ ಬಹುಮಂದಿಗೆ ತಿಳಿದಿಲ್ಲ. ಬೆಂಗಳೂರಿನಲ್ಲಿ 1912ರಲ್ಲಿ ಹುಟ್ಟಿದ ರಾಮ್ ಗೋಪಾಲ್, ಭಾರತದ ನೃತ್ಯವನ್ನು ಯುರೋಪಿನ ದೊಡ್ಡ ರಂಗಮಂದಿರಗಳಿಗೆ ಕೊಂಡೊಯ್ದ ಮೊದಲಿಗರಲ್ಲಿ ಒಬ್ಬರು. ಹರೆಯದ ಕುಮುದಿನಿ ಅವರ ತಂಡದಲ್ಲಿ ಪಶ್ಚಿಮ ದೇಶಗಳನ್ನು ಸುತ್ತಿದರು. ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ರಜನೀಕಾಂತ ಲಾಖಿಯಾ ಅವರ ಕೈಹಿಡಿದು, 1960ರ ಹೊತ್ತಿಗೆ ಅಹಮದಾಬಾದಿಗೆ ಬಂದು ನೆಲೆಸಿದರು.

ಅಹಮದಾಬಾದಿನ ಇನ್ನೊಬ್ಬ ಮಹಾನ್ ನೃತ್ಯ ಸಂಯೋಜಕಿ ಮೃಣಾಲಿನಿ ಸಾರಾಭಾಯಿ ಅವರ ಕಥೆಯೂ ಬೆಂಗಳೂರನ್ನು ಹಾದು ಬಂದದ್ದೇ. ಅವರು ಅಲ್ಲಿ ರಾಮ್ ಗೋಪಾಲ್ ಅವರೊಡನೆ ನರ್ತಿಸುತ್ತಿದ್ದ ದಿನಗಳಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸುತ್ತಿದ್ದ ವಿಕ್ರಮ್ ಸಾರಾಭಾಯಿ ಅವರನ್ನು ಕಂಡರು. 1942ರಲ್ಲಿ ಅವರ ವಿವಾಹವಾಯಿತು. 1949ರಲ್ಲಿ ಅಹಮದಾಬಾದಿನಲ್ಲಿ 'ದರ್ಪಣ' ಅಕಾಡೆಮಿ ಹುಟ್ಟಿತು. ಅಂದರೆ ಈ ಊರಿನ ಆಧುನಿಕ ನೃತ್ಯದ ಎರಡು ಮುಖ್ಯ ಕವಲುಗಳಿಗೂ ಬೆಂಗಳೂರಿನ ನೀರು ತಗುಲಿದೆ.

ಮೂರನೆಯ ಎಳೆ ಇನ್ನೂ ಹತ್ತಿರದ್ದು. 1950ರ ದಶಕದಲ್ಲಿ ಕುಮುದಿನಿ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪಡೆದು ದೆಹಲಿಯ ಭಾರತೀಯ ಕಲಾ ಕೇಂದ್ರದಲ್ಲಿ ಲಖನೌ ಘರಾಣೆಯ ಶಂಭು ಮಹಾರಾಜರ ಬಳಿ ಕಲಿತರು. ಬೆಂಗಳೂರಿನ ಮಲ್ಲೇಶ್ವರದ ಮಾಯಾ ರಾವ್ ಅವರೂ ಅದೇ ದಶಕದಲ್ಲಿ ಅದೇ ಗುರುವಿನ ಶಿಷ್ಯೆ. ಇಬ್ಬರೂ ಕಲಿತದ್ದು ಏಕವ್ಯಕ್ತಿ ಕಥಕ್. ಇಬ್ಬರೂ ಹೆಸರಾದದ್ದು ನೃತ್ಯ ಸಂಯೋಜನೆಯಲ್ಲಿ. ಒಬ್ಬರು ಅಹಮದಾಬಾದಿನಲ್ಲಿ 'ಕದಂಬ' ಶಾಲೆಯನ್ನು ಕಟ್ಟಿದರು. ಇನ್ನೊಬ್ಬರು ಮಾಸ್ಕೋಗೆ ಹೋಗಿ ಸಂಯೋಜನೆಯನ್ನೇ ಶಾಸ್ತ್ರವಾಗಿ ಅಭ್ಯಾಸ ಮಾಡಿ, ಮೊದಲು ದೆಹಲಿಯಲ್ಲಿ, ಬಳಿಕ 1987ರಿಂದ ಬೆಂಗಳೂರಿನಲ್ಲಿ ಅದನ್ನು ಪಠ್ಯಕ್ರಮವಾಗಿಸಿದರು. ಮಾಯಾ ರಾವ್ 2014ರಲ್ಲಿ ತೀರಿಕೊಂಡರು. ಇವರಿಬ್ಬರನ್ನೂ ಒಟ್ಟಿಗೆ ನೆನೆಯದೆ ನಮ್ಮ ದೇಶದ ಹೊಸ ಕಥಕ್ಕಿನ ಕಥೆ ಪೂರ್ಣವಾಗುವುದಿಲ್ಲ.

ಅವರು ಬದಲಿಸಿದ್ದೇನು?

ಸಾಂಪ್ರದಾಯಿಕ ಕಥಕ್ ಕಚೇರಿಯನ್ನು ಕಂಡವರಿಗೆ ಅದರ ಸೊಗಸು ಗೊತ್ತು. ಒಬ್ಬ ನರ್ತಕಿ, ಒಂದು ತಬಲಾ, ತಾಳದ ಆವರ್ತವನ್ನು ಹಿಡಿದು ಸಾಗುವ ಸಾರಂಗಿ ಅಥವಾ ಹಾರ್ಮೋನಿಯಂನ ಲೆಹರಾ. ನರ್ತಕಿ ಬೋಲುಗಳನ್ನು ಬಾಯಲ್ಲಿ ಹೇಳಿ, ಅದನ್ನೇ ಗೆಜ್ಜೆಯಲ್ಲಿ ನುಡಿಸಿ, ಚಕ್ಕರ್ ಹೊಡೆದು ಸಮಕ್ಕೆ ಸರಿಯಾಗಿ ಬಂದು ನಿಂತಾಗ ಸಭೆ ಉಸಿರು ಬಿಡುತ್ತದೆ. ನಮ್ಮ ಯಕ್ಷಗಾನದಲ್ಲಿ ಭಾಗವತರಿಗೂ ಮದ್ದಳೆಗಾರರಿಗೂ ವೇಷಧಾರಿಗೂ ನಡುವೆ ನಡೆಯುವ ಸ್ಪರ್ಧೆ ಮತ್ತು ಸಲ್ಲಾಪದ ಹಾಗೆ ಇಲ್ಲಿಯೂ ಆ ಕ್ಷಣದ ಸ್ಫೂರ್ತಿಗೆ ದೊಡ್ಡ ಸ್ಥಾನ. ವಸ್ತುವಾದರೋ ಬಹುಪಾಲು ರಾಧಾಕೃಷ್ಣರದು.

ಈ ಏಕವ್ಯಕ್ತಿ ಕಲೆಯನ್ನು ಕುಮುದಿನಿ 1960ರ ದಶಕದಿಂದ ಗುಂಪಿಗೆ ಒಗ್ಗಿಸತೊಡಗಿದರು. ಹತ್ತು ಜನರನ್ನು ಸಾಲಾಗಿ ನಿಲ್ಲಿಸಿ ಒಂದೇ ಹೆಜ್ಜೆ ಹಾಕಿಸುವುದು ಸಂಯೋಜನೆಯಲ್ಲ, ಅದು ಕವಾಯತು. ರಂಗದ ಬರಿದಾದ ಜಾಗವೂ ಮಾತನಾಡುವಂತೆ, ಒಬ್ಬಳು ಎತ್ತಿದ ತಾಳದ ಪ್ರಶ್ನೆಯನ್ನು ಆ ಮೂಲೆಯ ಮತ್ತೊಬ್ಬಳು ಪೂರ್ಣಗೊಳಿಸುವಂತೆ, ಚಕ್ಕರ್ ಎಂಬುದು ಚಮತ್ಕಾರ ಪ್ರದರ್ಶನವಾಗದೆ ಚಿತ್ರದ ಒಂದು ರೇಖೆಯಾಗುವಂತೆ ಅವರು ನೃತ್ಯವನ್ನು ಕಟ್ಟಿದರು. ಭಾರವಾದ ಒಡವೆ, ಮಿರುಗುವ ಉಡುಪು, ಕೊನೆಗೆ ಕಥಕ್ ನರ್ತಕಿಗೆ ಅನಿವಾರ್ಯವೆಂದೇ ಭಾವಿಸಲಾಗಿದ್ದ ಓಢಣಿ, ಇವೆಲ್ಲವನ್ನೂ ಅಗತ್ಯವಿಲ್ಲದ ಕಡೆ ಬಿಟ್ಟುಕೊಟ್ಟರು. 'ಧಬ್ಕಾರ್', 'ಯುಗಲ್' ಮತ್ತು 'ಅಥ ಕಿಮ್' ಎಂಬ ಕೃತಿಗಳು 1980ರಲ್ಲಿ ದೆಹಲಿಯ ಕಥಕ್ ಮಹೋತ್ಸವದಲ್ಲಿ ಪ್ರದರ್ಶನಗೊಂಡವು. 'ಅಥ ಕಿಮ್' ಎಂದರೆ 'ಇನ್ನು ಮುಂದೇನು?' ಎಂದು. ಆ ಹೆಸರೇ ಅವರ ವೃತ್ತಿಜೀವನದ ಪ್ರಶ್ನೆಯೂ ಆಗಿತ್ತು.

ನನ್ನ ದೃಷ್ಟಿಯಲ್ಲಿ ಇವಕ್ಕಿಂತ ಮುಖ್ಯವಾದದ್ದು 1971ರ 'ದುವಿಧಾ'. ಅದರ ನಾಯಕಿ ರಾಧೆಯಲ್ಲ, ವಾಸಕಸಜ್ಜಿಕೆಯೂ ಅಲ್ಲ; ನಮ್ಮ ನಿಮ್ಮ ಮನೆಯಂತಹ ಒಂದು ಮಧ್ಯಮವರ್ಗದ ಮನೆಯ ಗೃಹಿಣಿ. ತಲೆಯ ಮೇಲೆ ಸೆರಗು ಹೊದ್ದು ಗಂಡನ ಊಟೋಪಚಾರ ನೋಡಿಕೊಳ್ಳುವ ಆಕೆ, ಕೂದಲಲ್ಲಿ ಬಿಳಿಯ ಎಳೆಯಿರುವ, ತೋಳಿಲ್ಲದ ರವಿಕೆ ತೊಟ್ಟು ಜನಸಾಗರದ ಮುಂದೆ ಮಾತನಾಡುವ ರಾಜಕೀಯ ನಾಯಕಿಯೊಬ್ಬಳ ಬಗ್ಗೆ ಪತ್ರಿಕೆಯಲ್ಲಿ ಓದುತ್ತಾಳೆ. ಆ ಜಗತ್ತು ಅವಳನ್ನು ಕರೆಯುತ್ತದೆ; ಈ ಮನೆ ಅವಳನ್ನು ಬಿಡುವುದಿಲ್ಲ. ಅವಳ ಆ ಇಬ್ಬಂದಿತನವೇ ನೃತ್ಯ. ಸಂಗೀತ ನೀಡಿದವರು ಅತುಲ್ ದೇಸಾಯಿ. ಅದರಲ್ಲಿ ಇಲೆಕ್ಟ್ರಾನಿಕ್ ನಾದವೂ ಸೇರಿತ್ತು. ಅದೇ ಊರಿನಲ್ಲಿ 1960ರ ದಶಕದಲ್ಲಿ ಮೃಣಾಲಿನಿ ಸಾರಾಭಾಯಿ, ಎಳೆಯ ವಿವಾಹಿತೆಯರ ಆತ್ಮಹತ್ಯೆಗಳ ಸುದ್ದಿಯಿಂದ ಕಲಕಿಹೋಗಿ 'ಮೆಮೊರಿ ಈಸ್ ಎ ರ್‍ಯಾಗೆಡ್ ಫ್ರಾಗ್ಮೆಂಟ್ ಆಫ್ ಎಟರ್ನಿಟಿ' ಎಂಬ ಕೃತಿಯನ್ನು ಭರತನಾಟ್ಯದ ನೆಲೆಯಿಂದ ರಚಿಸಿದ್ದರು. ಪತ್ರಿಕೆಯ ಪುಟದಿಂದ ಹೆಣ್ಣಿನ ಬದುಕನ್ನು ಎತ್ತಿ ಶಾಸ್ತ್ರೀಯ ನೃತ್ಯದ ಒಳಕ್ಕೆ ತಂದವರು ಈ ಇಬ್ಬರು. ಇಂದು ಇಂತಹ ವಸ್ತುಗಳು ಸರ್ವೇಸಾಮಾನ್ಯ, ಅಂದು ಹಾಗಿರಲಿಲ್ಲ.

ಆಕ್ಷೇಪಗಳೂ ಬಂದವು, ಅವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಗುಂಪಿಗಾಗಿ ಎಲ್ಲವನ್ನೂ ಮೊದಲೇ ಗೊತ್ತುಮಾಡಿದರೆ ತಬಲೆಯೊಡನೆ ಆ ಕ್ಷಣದಲ್ಲಿ ಹುಟ್ಟುವ ಸಲ್ಲಾಪ ಸಾಯುತ್ತದೆ, ಅಭಿನಯ ಸೊರಗುತ್ತದೆ, ಉಳಿಯುವುದು ಚಂದದ ವಿನ್ಯಾಸ ಮಾತ್ರ ಎಂಬುದು ರಸಿಕರ ದೂರು. ಇದು ಕಥಕ್ಕೇ ಎಂಬ ಪ್ರಶ್ನೆಯೂ ಕೇಳಿಬಂತು. ಶಿವರಾಮ ಕಾರಂತರು ಮಾತನ್ನು ಬಿಟ್ಟು, ಪಿಟೀಲು ಸ್ಯಾಕ್ಸೊಫೋನ್‌ಗಳನ್ನು ತಂದು ಯಕ್ಷಗಾನ ಬ್ಯಾಲೆ ಕಟ್ಟಿದಾಗ ಕರಾವಳಿಯಲ್ಲಿ ಎದ್ದ ಪ್ರಶ್ನೆಯೂ ಇದೇ. ಎರಡೂ ಕಡೆ ಉತ್ತರವೂ ಒಂದೇ ಎಂದು ನನಗನ್ನಿಸುತ್ತದೆ. ಹಳೆಯ ಕಲೆ ತನ್ನ ಜಾಗದಲ್ಲಿ ಉಳಿಯಿತು, ಹೊಸದೊಂದು ಅದರ ಪಕ್ಕದಲ್ಲಿ ಬೆಳೆಯಿತು. ಒಂದರಿಂದ ಇನ್ನೊಂದು ಸಾಯಲಿಲ್ಲ.

ಮೂರು ಊರು, ಮೂರು ಬಗೆಯ ಆಶ್ರಯ

ಕಥಕ್ಕಿನ ಮನೆಗಳು ಲಖನೌ, ಜೈಪುರ, ಬನಾರಸ್. ಹೊಸ ಕಥಕ್ ಅಲ್ಲೆಲ್ಲೂ ಬೆಳೆಯದೆ ಗಿರಣಿಗಳ ಊರಾದ ಅಹಮದಾಬಾದಿನಲ್ಲಿ ಏಕೆ ಬೆಳೆಯಿತು? ಉದ್ಯೋಗದ ನಿಮಿತ್ತ ವಡೋದರ, ಸೂರತ್ ಮತ್ತು ಅಹಮದಾಬಾದು ಮೂರರಲ್ಲಿಯೂ ವಾಸಿಸಿದ ನನಗೆ ಈ ಪ್ರಶ್ನೆ ಬಹುಕಾಲ ಕಾಡಿದೆ.

ವಡೋದರದ್ದು ಅರಮನೆಯ ಪರಂಪರೆ. ಮೂರನೆಯ ಸಯಾಜಿರಾವ್ ಗಾಯಕವಾಡರು 1880ರಲ್ಲಿ ತಂಜಾವೂರಿನ ರಾಜಕುಮಾರಿಯನ್ನು ವರಿಸಿದಾಗ ಅವಳೊಡನೆ ತಂಜಾವೂರಿನ ನರ್ತಕಿಯರೂ ನಟ್ಟುವನಾರರೂ ಬಂದರು. 1886ರಲ್ಲಿ ಅಲ್ಲಿ ಮೌಲಾ ಬಕ್ಷರ ನೇತೃತ್ವದಲ್ಲಿ ಸಂಗೀತ ಶಾಲೆ ಆರಂಭವಾಯಿತು. ಮೌಲಾ ಬಕ್ಷರು ಅದಕ್ಕೂ ಮುನ್ನ ಮೈಸೂರು ಆಸ್ಥಾನದಲ್ಲಿ ಗೌರವ ಪಡೆದಿದ್ದವರು. ಅರಮನೆಯ ಆಶ್ರಯ ತಪ್ಪಿದ ಮೇಲೆ ಆ ನರ್ತಕಿಯರ ಕುಟುಂಬದ ಕುಬೇರನಾಥ ತಂಜೋರ್ಕರ್ ಬರೋಡಾದಲ್ಲಿಯೇ ಭರತನಾಟ್ಯ ಕಲಿಸಿದರು. ಇಂದಿನ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಪ್ರದರ್ಶಕ ಕಲೆಗಳ ವಿಭಾಗದಲ್ಲಿ ನೃತ್ಯಕ್ಕೆ ಪದವಿಯಿದೆ. ಕಲಾಕ್ಷೇತ್ರದ ಸಿ. ವಿ. ಚಂದ್ರಶೇಖರ್ ಅಂತಹವರು 1992ರವರೆಗೆ ಅಲ್ಲಿ ಪಾಠ ಹೇಳಿದರು. ಇಲ್ಲಿ ಕಲೆಗೆ ಸಂಬಳವುಂಟು, ನಿವೃತ್ತಿ ವೇತನವುಂಟು, ಪರೀಕ್ಷೆಯುಂಟು.

ಸೂರತ್ತಿನದು ಪೇಟೆಯ ಪರಂಪರೆ. ವಜ್ರ, ಬಟ್ಟೆ, ಜರಿ. ದೇಶದ ಎಷ್ಟೋ ನರ್ತಕಿಯರ ಉಡುಪಿನ ಅಂಚಿನಲ್ಲಿ ಸೂರತ್ತಿನ ಜರಿ ಹೊಳೆಯುತ್ತದೆ. ನಾನು ಕಂಡಂತೆ ಅಲ್ಲಿಯ ನೃತ್ಯ ಶಿಕ್ಷಕಿಯರು ಬದುಕುವುದು ವಿದ್ಯಾರ್ಥಿಗಳ ತಿಂಗಳ ಶುಲ್ಕದಿಂದ. ಹೊಸ ಕೃತಿಯೊಂದನ್ನು ಆರು ತಿಂಗಳು ಕುಳಿತು ಕಟ್ಟಲು ಅವರಿಗೆ ಬಿಡುವೂ ಇಲ್ಲ, ಕೊಡುವವರೂ ಇಲ್ಲ.

ಅಹಮದಾಬಾದಿನಲ್ಲಿ ಅರಮನೆಯೂ ಇರಲಿಲ್ಲ, ಘರಾಣೆಯೂ ಇರಲಿಲ್ಲ. ಆದರೆ ಸ್ವಾತಂತ್ರ್ಯಾನಂತರದ ಎರಡು ದಶಕಗಳಲ್ಲಿ ಅಲ್ಲಿಯ ಗಿರಣಿ ಮಾಲೀಕರ ಮನೆತನಗಳು ಹೊಸ ಸಂಸ್ಥೆಗಳನ್ನು ಕಟ್ಟುವುದರಲ್ಲಿ ಆಸಕ್ತಿ ತಳೆದವು. ದರ್ಪಣ 1949ರದು, ಭಾರತೀಯ ನಿರ್ವಹಣಾ ಸಂಸ್ಥೆ ಮತ್ತು ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರವು. ವಿಜ್ಞಾನಿ, ವಾಸ್ತುಶಿಲ್ಪಿ, ವಿನ್ಯಾಸಕಾರ ಎಲ್ಲರೂ 'ಹೀಗೇಕೆ?' ಎಂದು ಕೇಳುತ್ತಿದ್ದ ಊರಿಗೆ ಕುಮುದಿನಿ ಬಂದಿಳಿದರು. ಲಖನೌವಿನಲ್ಲಿದ್ದರೆ ಪ್ರತಿ ಬದಲಾವಣೆಗೂ ಹಿರಿಯರ ಅನುಮತಿ ಬೇಕಾಗುತ್ತಿತ್ತು. ಇಲ್ಲಿ ಕಥಕ್ ಹೇಗಿರಬೇಕೆಂದು ಹೇಳುವ ಹಿರಿಯರೇ ಇರಲಿಲ್ಲ. ಪ್ರೇಕ್ಷಕರನ್ನು ಮೊದಲಿನಿಂದ ತಯಾರು ಮಾಡಬೇಕಾದ ಕಷ್ಟವಿತ್ತು. ಜೊತೆಗೆ ಅವರ ಪೂರ್ವಗ್ರಹವಿಲ್ಲದ ಕಣ್ಣುಗಳ ಅನುಕೂಲವೂ ಇತ್ತು.

ಶಿಷ್ಯರು ಮತ್ತು ಕಾಲಮುಗಳು

ಅವರ ಕೈಯಲ್ಲಿ ಬೆಳೆದವರ ಸಾಲು ದೊಡ್ಡದು. ಅದಿತಿ ಮಂಗಲದಾಸ್, ದಕ್ಷಾ ಶೇಠ್, ಮೌಲಿಕ್ ಶಾ, ಇಶಿರಾ ಪಾರಿಖ್, ಪ್ರಶಾಂತ್ ಶಾ, ಸಂಜುಕ್ತಾ ಸಿನ್ಹಾ. ಗಮನಿಸಬೇಕಾದದ್ದು, ಇವರಲ್ಲಿ ಯಾರೂ ಗುರುವಿನ ಪಡಿಯಚ್ಚಲ್ಲ. ದಕ್ಷಾ ಶೇಠ್ ಮಯೂರಭಂಜ್ ಛೌ ಮುಂತಾದ ಬೇರೆ ದೇಹವಿದ್ಯೆಗಳ ಕಡೆಗೆ ಹೋದರು. ಅದಿತಿ ದೆಹಲಿಯಲ್ಲಿ ತಮ್ಮದೇ ತಂಡ ಕಟ್ಟಿದರು. ಘರಾಣೆಯನ್ನು ದಾಟಿದ ಗುರು ತನ್ನ ಹೆಸರಿನ ಹೊಸ ಘರಾಣೆ ಕಟ್ಟಲು ಹೋಗಲಿಲ್ಲ.

ಇದೇ ಅದಿತಿ ಮಂಗಲದಾಸ್ 2012ರ ಸಾಲಿನ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯನ್ನು ನಿರಾಕರಿಸಿದರು. ಅವರಿಗೆ ಅದನ್ನು ಕೊಟ್ಟದ್ದು ಸೃಜನಾತ್ಮಕ ಹಾಗೂ ಪ್ರಾಯೋಗಿಕ ನೃತ್ಯ ಎಂಬ ವಿಭಾಗದಲ್ಲಿ. ತಾವು ಕಥಕ್ ಕಲಾವಿದೆ, ಕೊಡುವುದಾದರೆ ಕಥಕ್ಕಿಗೆ ಕೊಡಿ ಎಂಬುದು ಅವರ ನಿಲುವು. ಮೇಲ್ನೋಟಕ್ಕೆ ಇದು ಕಾಲಮುಗಳ ಜಗಳದಂತೆ ತೋರಬಹುದು. ಆದರೆ ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಾಲಮುಗಳನ್ನು ತುಂಬಿದವನಿಗೆ ಗೊತ್ತು, ಯಾವ ಕಾಲಮಿನಲ್ಲಿ ಬರೆಯುತ್ತೇವೆ ಎಂಬುದರ ಮೇಲೆಯೇ ಮುಂದಿನ ಲೆಕ್ಕವೆಲ್ಲ ನಿಂತಿರುತ್ತದೆ. ಹೊಸದನ್ನು ಮಾಡಿದವರನ್ನು ಬೇರೆಯ ಕಾಲಮಿಗೆ ಹಾಕಿದರೆ, ಹಳೆಯದು ಎಂದೂ ಬದಲಾಗುವುದಿಲ್ಲವೆಂದು ಸಾರಿದಂತೆಯೇ. ಕುಮುದಿನಿ ತಮ್ಮ ಬದುಕಿನುದ್ದಕ್ಕೂ ವಾದಿಸಿದ್ದು ಇದರ ವಿರುದ್ಧವಾಗಿ.

ಕೃತಿ ಯಾರದು? ಉಳಿಯುವುದು ಹೇಗೆ?

ಪ್ರಶಸ್ತಿಗಳ ವಿಷಯದಲ್ಲಿ ಅವರಿಗೆ ಕೊರತೆಯಾಗಲಿಲ್ಲ. 1982ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1987ರಲ್ಲಿ ಪದ್ಮಶ್ರೀ, 2010ರಲ್ಲಿ ಪದ್ಮಭೂಷಣ. ಆದರೆ ಪ್ರಶಸ್ತಿ ವ್ಯಕ್ತಿಯನ್ನು ಗೌರವಿಸುತ್ತದೆ, ಕೃತಿಯನ್ನು ಕಾಪಾಡುವುದಿಲ್ಲ. ಕಾದಂಬರಿಕಾರ ತೀರಿಕೊಂಡರೆ ಪುಸ್ತಕ ಕಪಾಟಿನಲ್ಲಿರುತ್ತದೆ. ನೃತ್ಯ ಸಂಯೋಜಕಿ ತೀರಿಕೊಂಡರೆ ಕೃತಿ ಎಲ್ಲಿರುತ್ತದೆ? ಶಿಷ್ಯರ ಮಂಡಿ, ಹಿಮ್ಮಡಿ, ನೆನಪುಗಳಲ್ಲಿ, ಅವುಗಳಿಗೂ ವಯಸ್ಸಾಗುತ್ತದೆ.

ಕಾನೂನು ಈ ವಿಷಯದಲ್ಲಿ ನಾವು ಭಾವಿಸಿರುವುದಕ್ಕಿಂತ ಉದಾರವಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆ ನೃತ್ಯ ಸಂಯೋಜನೆಯನ್ನು ನಾಟಕ ಕೃತಿಯ ವ್ಯಾಖ್ಯೆಯೊಳಗೆ ಸೇರಿಸಿದೆ. ಕರ್ತೃವಿನ ಮರಣದ ಮರುವರ್ಷದಿಂದ 60 ವರ್ಷ ಆ ಹಕ್ಕು ಇರುತ್ತದೆ. ಆ ಲೆಕ್ಕದಲ್ಲಿ ಕುಮುದಿನಿಯವರ ಸಂಯೋಜನೆಗಳಿಗೆ 2085ರ ಕೊನೆಯವರೆಗೆ ರಕ್ಷಣೆಯುಂಟು. ಆದರೆ ಒಂದು ಷರತ್ತಿದೆ. ಆ ಕೃತಿ ಬರಹದಲ್ಲಿಯೋ ಬೇರೆ ರೀತಿಯಲ್ಲಿಯೋ ದಾಖಲಾಗಿರಬೇಕು. ಚಿತ್ರೀಕರಣ ಮಾಡಿದವರ ಹಕ್ಕು ಬೇರೆ, ಕಟ್ಟಿದವರ ಹಕ್ಕು ಬೇರೆ. ಬಾಯಿಂದ ಬಾಯಿಗೆ, ಕಾಲಿನಿಂದ ಕಾಲಿಗೆ ದಾಟುವ ನಮ್ಮ ಕಲೆಗಳಲ್ಲಿ ಎಷ್ಟು ಮಂದಿ ತಮ್ಮ ಸಂಯೋಜನೆಯನ್ನು ಬರೆದಿಟ್ಟಿದ್ದಾರೆ? ಮಾಯಾ ರಾವ್ ಸಂಯೋಜನೆಯನ್ನು ಪಠ್ಯವಾಗಿಸಲು ಅಷ್ಟು ಹಟ ಹಿಡಿದದ್ದರ ಮಹತ್ವ ಈಗ ತಿಳಿಯುತ್ತದೆ.

ಈ ಕೊರತೆಯ ಇನ್ನೊಂದು ಮುಖವನ್ನು ನಾನು ಮೇಜಿನ ಈಚೆಯಿಂದ ಕಂಡಿದ್ದೇನೆ. ಹಲವು ವರ್ಷಗಳ ಹಿಂದೆ ನಾನಿದ್ದ ಶಾಖೆಗೆ ನೃತ್ಯ ಶಿಕ್ಷಕಿಯೊಬ್ಬರು ಸಾಲ ಕೇಳಿ ಬಂದಿದ್ದರು. ಅಭ್ಯಾಸಕ್ಕೆ ಮರದ ನೆಲದ ಒಂದು ಕೋಣೆ ಬೇಕಿತ್ತು. ಆಸ್ತಿ ಏನಿದೆ ಎಂದು ಕೇಳಿದೆ. ಇಪ್ಪತ್ತು ವರ್ಷಗಳಲ್ಲಿ ತಾವು ಕಟ್ಟಿದ ನೃತ್ಯಗಳ ಪಟ್ಟಿಯನ್ನು ಅವರು ಮುಂದಿಟ್ಟರು. ನಾನು ನಕ್ಕುಬಿಟ್ಟೆ. ಅವರೂ ನಕ್ಕರು, ಆದರೆ ಮತ್ತೆ ಬರಲಿಲ್ಲ. ಸಾಲ ಕೊಡಲು ನಿಯಮದಲ್ಲಿ ಅವಕಾಶವಿರಲಿಲ್ಲ ಎಂಬುದು ನಿಜ. ನಗಬೇಕೆಂಬ ನಿಯಮವೂ ಇರಲಿಲ್ಲ.

ನಮ್ಮ ವೇದಿಕೆಯ ಲೆಕ್ಕ

ಇಷ್ಟೆಲ್ಲ ಬರೆದ ಮೇಲೆ ನಮ್ಮ ಕಡೆಗೂ ನೋಡಿಕೊಳ್ಳಬೇಕು. ಹೊರನಾಡ ಕನ್ನಡ ಸಂಘಗಳ ರಾಜ್ಯೋತ್ಸವವಾಗಲಿ ಯುಗಾದಿಯಾಗಲಿ, ನೃತ್ಯವಿಲ್ಲದೆ ನಡೆಯುವುದಿಲ್ಲ. ಸಭಾ ಕಾರ್ಯಕ್ರಮ ತಡವಾದರೆ ಮೊದಲು ಮೊಟಕಾಗುವುದೂ ನೃತ್ಯವೇ. ನಾನು ಕಾರ್ಯಕ್ರಮ ಸಮಿತಿಯ ಲೆಕ್ಕ ನೋಡುತ್ತಿದ್ದ ಒಂದು ವರ್ಷ, ಧ್ವನಿವರ್ಧಕಕ್ಕೆ, ಶಾಮಿಯಾನಕ್ಕೆ, ಊಟಕ್ಕೆ, ಸ್ಮರಣಿಕೆಗೆ ಬೇರೆ ಬೇರೆ ಬಾಬತ್ತುಗಳಿದ್ದವು. ನಮ್ಮ ಹದಿನಾಲ್ಕು ಮಕ್ಕಳಿಗೆ ಎರಡು ತಿಂಗಳು ಪ್ರತಿ ಭಾನುವಾರ ಬೆಳಿಗ್ಗೆ ನೃತ್ಯ ಕಟ್ಟಿಕೊಟ್ಟ ಯುವತಿಗೆ ಯಾವ ಬಾಬತ್ತೂ ಇರಲಿಲ್ಲ. ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಆಮಂತ್ರಣ ಪತ್ರಿಕೆಯಲ್ಲಿ 'ಮಕ್ಕಳಿಂದ ನೃತ್ಯ' ಎಂದಷ್ಟೇ ಅಚ್ಚಾಗಿತ್ತು. ಆ ಲೆಕ್ಕಕ್ಕೆ ಸಹಿ ಮಾಡಿದವನು ನಾನೇ.

ಹಾಗಾಗಿ ನಾಲ್ಕು ಸೂಚನೆಗಳನ್ನು ಓದುಗರ ಹಾಗೂ ಕಾರ್ಯಕಾರಿ ಸಮಿತಿಯ ಮುಂದಿಡುತ್ತೇನೆ. ಒಂದು, ಆಮಂತ್ರಣ ಪತ್ರಿಕೆಯಲ್ಲಿ ಅತಿಥಿಗಳ ಹೆಸರಿನಂತೆಯೇ ನೃತ್ಯ ಸಂಯೋಜಕರ ಹೆಸರೂ ಅಚ್ಚಾಗಲಿ. ಎರಡು, ವಾರ್ಷಿಕ ಆಯವ್ಯಯದಲ್ಲಿ 'ನೃತ್ಯ ಸಂಯೋಜನೆ' ಎಂಬ ಪ್ರತ್ಯೇಕ ಬಾಬತ್ತು ಇರಲಿ. ಮೊತ್ತ ಚಿಕ್ಕದಾದರೂ ಸರಿ, ಅದು ಗೌರವಧನವಾಗದೆ ಕೆಲಸದ ಸಂಭಾವನೆಯಾಗಿರಲಿ. ಮೂರು, ಎರಡು ವರ್ಷಕ್ಕೊಮ್ಮೆಯಾದರೂ ಸಿದ್ಧ ಹಾಡಿಗೆ ಕುಣಿಸುವುದನ್ನು ಬಿಟ್ಟು, ಇಲ್ಲಿಯ ನಮ್ಮ ಬದುಕನ್ನು ಕುರಿತ ಒಂದು ಹೊಸ ಕೃತಿಯನ್ನು ಕಟ್ಟಿಸೋಣ. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದಾಗ ಕರಾವಳಿಯ ಎಷ್ಟು ಮನೆಗಳಲ್ಲಿ ವಡೋದರದ ಹೆಸರು ಮೊದಲ ಬಾರಿಗೆ ಕೇಳಿಬಂತೋ! ಊರು ಬಿಟ್ಟು ಬಂದವರ ಇಬ್ಬಂದಿತನ ನೃತ್ಯಕ್ಕೆ ವಸ್ತುವಾಗದೆ? 'ದುವಿಧಾ' ಹುಟ್ಟಿದ ಊರಿನಲ್ಲಿದ್ದುಕೊಂಡು ಅದು ಸಾಧ್ಯವಿಲ್ಲವೆಂದು ನಾವು ಹೇಳಲಾರೆವು. ನಾಲ್ಕು, ಕಟ್ಟಿದ್ದನ್ನು ಸರಿಯಾಗಿ ಚಿತ್ರೀಕರಿಸಿ, ಜೊತೆಗೆ ಬರಹದ ಟಿಪ್ಪಣಿಯನ್ನೂ ಮಾಡಿಸಿ, ಕಟ್ಟಿದವರ ಹೆಸರಿನಲ್ಲಿಯೇ ಸಂಘದ ಕಡತದಲ್ಲಿ ಇಡೋಣ.

ಕುಮುದಿನಿ ಲಾಖಿಯಾ ಅವರಿಗೆ ದೇಶ ತನ್ನ ಎರಡನೆಯ ಅತ್ಯುನ್ನತ ನಾಗರಿಕ ಗೌರವವನ್ನು ಸಲ್ಲಿಸಿದ್ದು ಅವರು 94ನೆಯ ವಯಸ್ಸಿನಲ್ಲಿದ್ದಾಗ. ಅದು ತಡವಾಯಿತೆಂದು ಸರ್ಕಾರವನ್ನು ದೂರುವುದು ಸುಲಭ. ನಮ್ಮ ಮಕ್ಕಳಿಗೆ ಭಾನುವಾರ ಬೆಳಿಗ್ಗೆ ಹೆಜ್ಜೆ ಕಲಿಸುವ ಆ ಯುವತಿಗೆ ಈಗ ಮೂವತ್ತೋ ಮೂವತ್ತೆರಡೋ ಆಗಿರಬಹುದು. ಅವರ ಹೆಸರನ್ನು ಮುಂದಿನ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಲು ನಮಗೆ ಯಾರ ಆದೇಶವೂ ಬೇಕಿಲ್ಲ.